ಸತ್ತ ನೋಡ್

ಇವತ್ತು ಮಧ್ಯಾಹ್ನ ತಾನು ಸಾಯಬೇಕಾಗಿದೆ ಎಂಬುದು ಹುಸೇನಪ್ಪನಿಗೆ ಹಲ್ಲುಜ್ಜುವಾಗ ನೆನಪಾಯಿತು. ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಉಗುಳುವುದೋ ನುಂಗುವುದೋ ತಿಳಿಯದೆ ಕಹಿಯನ್ನು ಹಾಗೇ ಇಟ್ಟುಕೊಂಡು ಬಚ್ಚಲ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ಸತ್ತವನು ಕಣ್ಣು ತೆರೆದಿರಬಹುದೇ, ತೆರೆದಿದ್ದರೆ ಎತ್ತ ನೋಡುತ್ತಿರಬೇಕು, ಮೂಗಿನ ಮೇಲೆ ನೊಣ ಕೂತರೆ ಓಡಿಸಬಹುದೇ ಎಂದೆಲ್ಲ ಯೋಚಿಸತೊಡಗಿದ. ಜಹೀರುದ್ದೀನ್ ಮಾಸ್ತರರು ನಿನ್ನೆ ಸಂಜೆ ಇದೊಂದನ್ನೂ ವಿವರಿಸಿರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಮೆಟ್ಟಿಲವರೆಗೆ ಕರಕೊಂಡು ಬಂದು, ಅತ್ತಿತ್ತ ನೋಡಿ, "ನಾಳೆ ಪರೀಕ್ಷಾದಾಗ ನೀ ಸತ್ತ ನೋಡ್ ಆಗಿಬಿಡು ಹುಸೇನ. ಏನೂ ಮಾಡೋದಿಲ್ಲ, ಸುಮ್ನ ನಿಂದ್ರೋದು. ಮಾರ್ಕ್ಸ್ ಎಲ್ಲಾರಿಗೂ ಒಂದ. ಪುಸ್ತಕದಾಗೂ ಅದ, ಹನ್ನೊಂದನೇ ಪಾಠ," ಅಂದಿದ್ದರು. ಅವರ ಕೈ ಹೆಗಲ ಮೇಲೆ ಬೆಚ್ಚಗಿತ್ತು. ಆ ಬೆಚ್ಚಗಿನ ಕೈಗಾಗಿಯೇ ಅವನು "ಆತ್ರಿ ಸರ" ಅಂದುಬಿಟ್ಟಿದ್ದ. ಈಗ ಆ "ಆತ್ರಿ" ಬೇವಿನ ಕಡ್ಡಿಯ ಜೊತೆ ಬಾಯಲ್ಲಿ ನಾರುನಾರಾಗಿ ಸಿಕ್ಕಿಕೊಂಡಿತ್ತು.

"ಕ್ಯಾ ರೇ ಹುಸೇನ್, ಬಚ್ಚಲದಾಗ ಮಕ್ಕೊಂಡಿ ಏನು?" ಹೊರಗಿನಿಂದ ಮನೆಯ ಒಡತಿ ಗುಲ್ಶನ್ ಬೇಗಂ ಕೂಗಿದಳು. ಅಂಗಳದ ಒಂದು ಖೋಲಿಯನ್ನು ಅವನಿಗೆ ಬಾಡಿಗೆ ಕೊಟ್ಟು ಎರಡು ವರ್ಷವಾಗುತ್ತ ಬಂದಿತ್ತು. "ಇವತ್ತೇನ ನಿನ್ನ ಪರೀಕ್ಷಾ? ಏನ್ ಕೇಳ್ತಾರ?"

"ಏನೂ ಕೇಳೋದಿಲ್ಲ ಅಮ್ಮಾ. ನಿಂದ್ರಬೇಕು."

"ನಿಂತು?"

"ಸತ್ತಂಗ ನಿಂದ್ರಬೇಕು."

"ಹಾಯ್ ಅಲ್ಲಾ! ಇದಕ್ಕ ಎರಡು ವರ್ಷ ಓದಬೇಕೇನು? ನಮ್ಮ ಮನಿಯವರು ಒಂದ ದಿನದಾಗ ಸತ್ತರು, ಯಾರ ಹತ್ರಾನೂ ಕಲೀಲಿಲ್ಲ." ಅವಳು ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ಗಂಡನ ನೆನಪಿಗೆ ಸೆರಗು ಕಣ್ಣಿಗೊತ್ತಿ, ಚಹಾದ ಬಟ್ಟಲನ್ನು ಅವನ ಹಸಿ ಕೈಗೇ ಇಟ್ಟಳು. ಆ ಬಟ್ಟಲು ಕೈಗೆ ಬಂದಾಗಲೆಲ್ಲ ಅವನಿಗೆ ಕಳ್ಳತನದ ಮಾಲು ಹಿಡಿದಂತಾಗುತ್ತಿತ್ತು. ದೇವದುರ್ಗದಿಂದ ಬಂದು ಈ ಬಾಗಿಲಲ್ಲಿ ನಿಂತ ದಿನ ಇವಳು ಹೆಸರು ಕೇಳಿದ್ದಳು. ಹುಸೇನಪ್ಪ ಅನ್ನಲು ಹೊರಟವನ ಬಾಯಿ ಹುಸೇನ್ ಅಂದು ನಿಂತುಬಿಟ್ಟಿತ್ತು. ಅಪ್ಪ ಒಳಗೇ ಉಳಿದ. ಆಮೇಲೆ ವಿದ್ಯಾಲಯದಲ್ಲೂ ಹಾಗೇ ಆಯಿತು. ಸುಳ್ಳು ಹೇಳಿದ್ದೇನೂ ಇಲ್ಲ. ಹೇಳುವುದನ್ನು ಅರ್ಧಕ್ಕೆ ನಿಲ್ಲಿಸಿದ್ದಷ್ಟೇ. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ಅವ್ವ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಮುಂದೆ ನಿಂತು, ಇದೊಂದು ಉಳಿದರೆ ನಿನ್ನ ಹೆಸರು ಇಡುತೀನಿ ನನ್ನಪ್ಪಾ ಎಂದು ಪೀರಲ ದೇವರಿಗೆ ಹರಕೆ ಹೊತ್ತಿದ್ದಳು. ಮಾದಿಗರ ಕೇರಿಯಲ್ಲಿ ಅಂಥ ಹುಸೇನಪ್ಪಗಳು, ಮೌಲಪ್ಪಗಳು, ಫಕೀರಪ್ಪಗಳು ಗುಡಿಸಲಿಗೊಬ್ಬರಿದ್ದರು. ಊರ ಗುಡಿಯ ದೇವರು ಹೆಸರು ಕೊಡಲು ಕೇರಿಯವರೆಗೆ ಬರುತ್ತಿರಲಿಲ್ಲ, ಪೀರಲ ದೇವರು ಮಾತ್ರ ಕುಣಿಯುತ್ತ ಬರುತ್ತಿತ್ತು. ರಾಯಚೂರಿಗೆ ಬಂದ ಮೇಲೆ ಆ ಹೆಸರೇ ಹೊದಿಕೆಯಾಯಿತು. ಸಾಬರ ಹುಡುಗನೆಂದು ತರಗತಿಯವರು ಅವನ ಪಕ್ಕ ಕೂತರು, ಅವನ ಡಬ್ಬಿಯ ಉಪ್ಪಿನಕಾಯಿ ತಿಂದರು, ಶುಕ್ರವಾರ ನಮಾಜಿಗೆ ಹೋಗಲಿಲ್ಲವೇನೋ ಎಂದು ಚಾಷ್ಟಿ ಮಾಡಿದರು. ಗುಲ್ಶನ್ ಬೇಗಂಗೆ ಅವನು ಶುಕ್ರವಾರ ಮಧ್ಯಾಹ್ನವೂ ಕ್ಲಾಸಿದೆ ಅನ್ನುತ್ತಿದ್ದ, ಕ್ಲಾಸಿನಲ್ಲಿ ನಮಾಜಿಗೆ ಹೋಗಿದ್ದೆ ಅನ್ನುತ್ತಿದ್ದ, ಮತ್ತು ಆ ಹೊತ್ತಿನಲ್ಲಿ ರೈಲು ನಿಲ್ದಾಣದ ಬಾಕಿನ ಮೇಲೆ ಕೂತು ಯಾವ ದೇವರಿಗೂ ಬೇಡವಾದ ಒಂದು ತಾಸನ್ನು ಕಳೆಯುತ್ತಿದ್ದ.

ಗಂಜಿನ ಮಾರುಕಟ್ಟೆಯ ಕಡೆಗೆ ನಡೆಯುವಾಗ ಬಿಸಿಲು ಆಗಲೇ ನೆತ್ತಿಗೆ ಬಡಿಯುತ್ತಿತ್ತು. ಅವನು ಓದುತ್ತಿದ್ದ ಸಂಜೆ ತಾಂತ್ರಿಕ ವಿದ್ಯಾಲಯವಿದ್ದದ್ದು ಶೇಂಗಾದ ಗೋದಾಮಿನ ಮಹಡಿಯ ಮೇಲೆ. 'ಇಪ್ಪತ್ತೊಂದನೆಯ ಶತಮಾನದತ್ತ' ಎಂಬ ಬಟ್ಟೆಯ ಫಲಕ ಮಹಡಿಯ ಕಟಾಂಜನಕ್ಕೆ ಕಟ್ಟಿತ್ತು. ಒಂದು ಕಡೆಯ ಹಗ್ಗ ಕಡಿದು, ಶತಮಾನ ಗೋದಾಮಿನ ಹಮಾಲರ ತಲೆಯ ಮೇಲೆ ಜೋಲುತ್ತಿತ್ತು. ಇಲ್ಲಿ ಕಲಿಸುತ್ತಿದ್ದದ್ದು ಉನ್ನತ ಗಣಕ ಜಾಲ. ಉನ್ನತ ಯಾಕೆಂದರೆ ಪ್ರಾಥಮಿಕ ತರಗತಿಗೆ ಸರಕಾರದ ಮಂಜೂರಾತಿ ಬಂದಿರಲಿಲ್ಲ, ಉನ್ನತಕ್ಕೆ ಬಂದಿತ್ತು. ಒಳಗಿನ ಖೋಲಿಯಲ್ಲಿ ಒಂದು ಕಂಪ್ಯೂಟರಿತ್ತು. ಅದಕ್ಕೆ ಮಖಮಲ್ಲಿನ ಕೆಂಪು ಗವಸು ಹಾಕಿ, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಗೆರೆ ಎಳೆದು ಇಟ್ಟಿದ್ದರು. ಆಯುಧಪೂಜೆಯ ದಿನ ಗವಸು ತೆಗೆದು ಕುಂಕುಮ ಹಚ್ಚಿದ್ದನ್ನು ಬಿಟ್ಟರೆ ಅದನ್ನು ಯಾರೂ ಮುಟ್ಟಿದ್ದಿಲ್ಲ. ಆಕಾಶ ತಿಳಿಯಾಗಿದ್ದ ದಿನ ಮಹಡಿಯಿಂದ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಯ ಹೊಗೆ ಕಾಣುತ್ತಿತ್ತು. ನಾಡಿಗೆಲ್ಲ ಹೋಗುವ ಆ ಕರೆಂಟು ಗಂಜಿಗೆ ಬರುವಷ್ಟರಲ್ಲಿ ದಣಿದು ಮಲಗಿಬಿಡುತ್ತಿತ್ತು.

"ಕಂಪ್ಯೂಟರ್ ಒಂದ ಅದ," ಎಂದು ಮಾಸ್ತರರು ಮೊದಲ ದಿನವೇ ಸಮಸ್ಯೆಯನ್ನು ಬಿಡಿಸಿಟ್ಟಿದ್ದರು. "ಜಾಲ ಅಂದ್ರ ಕಮ್ತಿ ಅಂದ್ರ ಎರಡು ಬೇಕು. ಒಂದ ಇದ್ರ ಅದು ಯಾರ ಜೋಡಿ ಮಾತಾಡಬೇಕು? ಹುಚ್ಚರಂಗ ತನ್ನಷ್ಟಕ್ಕ ತಾನ? ಅದಕ್ಕ ಇವತ್ತಿನಿಂದ ನೀವ ಕಂಪ್ಯೂಟರ್. ನೀ ಒಂದು ನೋಡ್, ನೀ ಒಂದು ನೋಡ್."

"ಏನ್ ನೋಡೋದ್ರಿ ಸರ?" ಎಂದಿದ್ದಳು ಮಟಮಾರಿಯಿಂದ ದಿನಾ ರೈಲಿನಲ್ಲಿ ಬರುವ ಸೂಗಮ್ಮ. ತರಗತಿಗೆ ತರಗತಿಯೇ ನಕ್ಕಿತ್ತು. ನೋಡ್ ಅಂದರೆ ಜಾಲದ ಒಂದೊಂದು ಗಂಟು, ಮಾತಾಡುವ ಒಂದೊಂದು ಯಂತ್ರ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಆಮೇಲೆ ಎರಡು ವರ್ಷ ಅವರು ದುಂಡಗೆ ನಿಂತು ಕಂಪ್ಯೂಟರುಗಳಾದರು. ಮಾಸ್ತರರು ಯಾವುದೋ ಸಿನಿಮಾ ಟಾಕೀಸಿನ ಸೈಕಲ್ ಸ್ಟ್ಯಾಂಡಿನಿಂದ ಒಂದು ಹಿತ್ತಾಳೆ ಬಿಲ್ಲೆ ತಂದಿದ್ದರು. ಅದೇ ಟೋಕನ್. ಯಾರ ಕೈಯಲ್ಲಿ ಬಿಲ್ಲೆ ಇದೆಯೋ ಅವರಷ್ಟೇ ಮಾತಾಡಬೇಕು, ಉಳಿದವರು ತುಟಿ ಬಿಚ್ಚಬಾರದು. ಬಿಲ್ಲೆ ಕೈಗೆ ಬಂದ ಕೂಡಲೆ ತನ್ನ ವಿಳಾಸ ಹೇಳಿ, "ಮುಟ್ಟಿತು" ಅನ್ನಬೇಕು, ಸುದ್ದಿಯ ಚೀಟಿಯಿದ್ದರೆ ಓದಬೇಕು, ಬಲಗಡೆಯವರಿಗೆ ಬಿಲ್ಲೆ ದಾಟಿಸಬೇಕು. ಮುಟ್ಟಿತು ಎಂಬ ಮಾತು ಬರದೇ ಹೋದರೆ ಸುದ್ದಿ ದಾರಿಯಲ್ಲೇ ಸತ್ತಿತೆಂದು ಲೆಕ್ಕ. ಬೇಸಿಗೆಯ ಸಂಜೆಗಳಲ್ಲಿ, ಕೆಳಗಿನಿಂದ ಶೇಂಗಾದ ಧೂಳು ಏರಿ ಬರುವಾಗ, ಒಬ್ಬರಾದ ಮೇಲೊಬ್ಬರು ಮುಟ್ಟಿತು, ಮುಟ್ಟಿತು, ಮುಟ್ಟಿತು ಅನ್ನುತ್ತಿದ್ದರೆ ಹುಸೇನಪ್ಪನ ಮೈ ಜುಮ್ಮೆನ್ನುತ್ತಿತ್ತು. ಅವನ ಎಡಕ್ಕೆ ನಿಲ್ಲುತ್ತಿದ್ದವನು ಮಾನವಿಯ ಅಕ್ಕಿ ಗಿರಣಿ ಮಾಲಕರ ಮಗ ವಿರೂಪಣ್ಣ. ಹಣೆಯಲ್ಲಿ ವಿಭೂತಿ, ಬೆರಳಲ್ಲಿ ಉಂಗುರ. ಆ ಉಂಗುರದ ಬೆರಳು ದಿನಕ್ಕೆ ಹತ್ತಾರು ಸಲ ತನ್ನ ಅಂಗೈಗೆ ತಾಕುವುದು, ತಾನು ಎಲ್ಲರ ಮುಂದೆ ಗಟ್ಟಿಯಾಗಿ "ಮುಟ್ಟಿತು" ಎಂದು ಕೂಗುವುದು, ಕೂಗಿದ್ದಕ್ಕೆ ಮಾರ್ಕ್ಸು ಸಿಗುವುದು. ಇಂಥದ್ದೊಂದು ಇಲಾಖೆ ಭೂಮಿಯ ಮೇಲೆ ಇದೆಯೆಂದು ಕೇರಿಯಲ್ಲಿ ಹೇಳಿದ್ದರೆ ದೆವ್ವ ಬಡಿದಿದೆ ಅನ್ನುತ್ತಿದ್ದರು.

ಆಮೇಲೆ ಅಪ್ಪ ಬಂದ. ಹೋದ ತಿಂಗಳ ಒಂದು ಸಂಜೆ, ಹೇಳದೆ ಕೇಳದೆ. ಮಹಡಿಯ ಕಿಡಕಿಯಲ್ಲಿ ನಿಂತ ಹುಸೇನಪ್ಪನಿಗೆ ಕೆಳಗೆ ಗೇಟಿನ ಆಚೆ, ಕೆರವು ಬಿಟ್ಟು, ಬುತ್ತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ನಿಂತ ಅಪ್ಪನ ತಲೆಯ ಪಟಗಾ ಕಂಡಿತು. ಗೇಟು ತೆರೆದೇ ಇತ್ತು. ಅಪ್ಪ ತೆರೆದ ಗೇಟಿನ ಹೊರಗೆ ನಿಂತಿದ್ದ. ಹಿತ್ತಾಳೆಯ ತಂಬಿಗೆಯಲ್ಲಿ ಹರವಿಯ ನೀರು ತುಂಬಿಕೊಂಡು ಬರುತ್ತಿದ್ದ ವಿರೂಪಣ್ಣನನ್ನು ನೋಡಿ, "ಯಪ್ಪಾ ಧಣ್ಯಾರ, ನಮ್ಮ ಹುಡುಗ ಇಲ್ಲೇ ಓದಾಕತ್ಯಾನಂತ್ರಿ, ಹುಸೇನಿ ಅಂತ," ಅಂದ. ವಿರೂಪಣ್ಣ ಖುಷಿಯಿಂದಲೇ, "ಹುಸೇನನ ಅಪ್ಪ ಏನ್ರಿ? ಬರ್ರಿ ಮ್ಯಾಲ, ನೀರ್ ಕುಡೀರಿ," ಎಂದು ತಂಬಿಗೆ ಚಾಚಿದ. ಅಪ್ಪ ತಂಬಿಗೆ ಹಿಡಿಯಲಿಲ್ಲ. ಮೊಣಕಾಲು ಬಗ್ಗಿಸಿ, ಬಾಯಿಯ ಕೆಳಗೆ ಬೊಗಸೆ ಒಡ್ಡಿದ. ಚಾಚಿದ್ದ ವಿರೂಪಣ್ಣನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಯಾರೂ ಹೇಳದೆ, ತಾನಾಗಿಯೇ ಮೊಳದಷ್ಟು ಮೇಲಕ್ಕೇರಿತು. ಅಲ್ಲಿಂದ ನೀರು ದಾರವಾಗಿ ಇಳಿಯಿತು. ಹಿಂದಿನ ವಾರವಷ್ಟೇ ಮಾಸ್ತರರು ಪಾಠ ಮಾಡಿದ್ದರು: ಎಂದೂ ಭೇಟಿಯಾಗದ ಎರಡು ಯಂತ್ರಗಳು ಸೇರಿದಾಗ, ಮಾತು ಶುರುವಾಗುವ ಮೊದಲೇ, ಹೇಗೆ ಕೊಡಬೇಕು ಹೇಗೆ ಇಸಕೊಳ್ಳಬೇಕು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಂದ ಮಾಡಿಕೊಳ್ಳುತ್ತವೆ, ಅದಕ್ಕೆ ಹ್ಯಾಂಡ್‌ಶೇಕ್ ಅನ್ನುತ್ತಾರೆ, ಕೈ ಕುಲುಕುವುದು. ಕೆಳಗೆ ಕೈಗಳು ಕುಲುಕದೆಯೇ ಕುಲುಕಿಕೊಂಡಿದ್ದವು. ಇಡೀ ಏಷ್ಯಾ ಖಂಡದಲ್ಲಿ ಇಷ್ಟು ಚುರುಕಾದ ಜಾಲವಿಲ್ಲ ಎಂದು ಹುಸೇನಪ್ಪನಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಅವನು ಕಿಡಕಿಯಿಂದ ಹಿಂದೆ ಸರಿದ. ಕೆಂಪು ಗವಸಿನ ಖೋಲಿಗೆ ಹೊಕ್ಕು ಯಂತ್ರದ ಹಿಂದೆ ಕೂತ. ಅಪ್ಪ ಎರಡು ಸಲ ಕೂಗಿದ್ದು ಕೇಳಿಸಿತು. ಎರಡು ಸಲಕ್ಕೂ ಮುಟ್ಟಿತು ಎನ್ನಲಿಲ್ಲ. ಕೆಳಗಿಳಿದಾಗ ಬುತ್ತಿಯ ಗಂಟು ಮೆಟ್ಟಿಲ ಮೇಲಿತ್ತು. ಒಳಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಇರುವೆಗಳು ಆಗಲೇ ಹಾದಿ ಹಿಡಿದಿದ್ದವು.

ಮರುದಿನದಿಂದ ಬಿಲ್ಲೆ ಮೇಲಿನಿಂದ ಬೀಳತೊಡಗಿತು. ವಿರೂಪಣ್ಣ ಏನೂ ಅನ್ನಲಿಲ್ಲ, ಬೈಯಲಿಲ್ಲ, ನಗುವುದನ್ನೂ ಬಿಡಲಿಲ್ಲ. ಬೆರಳು ಮಾತ್ರ ಮೊಳ ಮೇಲೆ ನಿಂತು ಬಿಲ್ಲೆಯನ್ನು ಬಿಡುತ್ತಿತ್ತು. ಹುಸೇನಪ್ಪ ಹಿಡಿಯುತ್ತಿದ್ದ. ಹಿಡಿಯುವುದರಲ್ಲಿ ತನ್ನ ಕೈಗೆ ಇಷ್ಟು ನೈಪುಣ್ಯ ಎಲ್ಲಿಂದ ಬಂತೆಂದು ಅಸಹ್ಯವಾಗುತ್ತಿತ್ತು, ಒಂದು ಸಲವೂ ತಪ್ಪಲಿಲ್ಲ. "ಮುಟ್ಟಿತು" ಅಂದಾಗ ಒಂದಿಬ್ಬರು ಕೆಮ್ಮಿದರು. ಬಲಗಡೆಯ ಸೂಗಮ್ಮ ಕೈ ಚಾಚಿಯೇ ಇಸಕೊಂಡಳು. "ಕೊಡಪ. ನಮ್ಮ ರೈಲಿನಾಗ ಎಂತೆಂಥವರೋ ಮೈಮ್ಯಾಲ ಬೀಳ್ತಾರ, ಅದನ್ನೆಲ್ಲಾ ನೋಡ್ಕೋತ ಕುಂತ್ರ ಆಗತೈತೇನು," ಎಂದು ಕನಿಕರದಿಂದ ನಕ್ಕಳು. ಆ ಕನಿಕರಕ್ಕಿಂತ ಮೇಲಿನಿಂದ ಬೀಳುವ ಹಿತ್ತಾಳೆಯೇ ಹಗುರ ಅನ್ನಿಸಿತ್ತು ಅವನಿಗೆ. ಮಾಸ್ತರರು ಎಲ್ಲ ಕಂಡರೂ ಕರೀಹಲಗೆಗೆ ಮುಖ ಮಾಡಿ ಜಾಲದ ಒಂದೇ ಉಂಗುರದ ಚಿತ್ರವನ್ನು ಮೂರು ಮೂರು ಸಲ ಬರೆದರು. ಪರೀಕ್ಷೆಗೆ ಎರಡು ದಿನವಿರುವಾಗ ಮಾನವಿಯಿಂದ ವಿರೂಪಣ್ಣನ ಅಪ್ಪ ಹೇಳಿಕಳಿಸಿದ್ದರು: ಮೇಲಿನಿಂದ ಹಾಕುವುದೂ ಬೇಡ, ಆ ಹುಡುಗನ ಪಕ್ಕ ನಿಲ್ಲುವುದೇ ಆದರೆ ಅವನಿಗೂ ನಮ್ಮವನಿಗೂ ಕೊಡುಕೊಳ್ಳುವ ವ್ಯವಹಾರವಿರಕೂಡದು. ವಿದ್ಯಾಲಯದ ಮಹಡಿ ಅವರದೇ ಆಗಿತ್ತು.

ಪರೀಕ್ಷಕರು ಬೆಂಗಳೂರಿನಿಂದ ಬಂದು, ಕರೆಂಟಿಲ್ಲದ ಫ್ಯಾನಿನ ಕೆಳಗೆ ಕೂತು, ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಜಹೀರುದ್ದೀನ್ ಮಾಸ್ತರರು ಮೆಟ್ಟಿಲ ಮೇಲೆಯೇ ಹುಸೇನಪ್ಪನನ್ನು ಹಿಡಿದರು. "ಇವತ್ತೊಂದಿನ ಬೇಟಾ. ಜಾಲ ಓಡಿದ್ರ ಎಲ್ಲಾರೂ ಪಾಸ್. ನಿಂತ್ರ ಎಲ್ಲಾರೂ ಫೇಲ್, ಮಂಜೂರಾತಿ ರದ್ದು, ನಾ ಮತ್ತ ಹೋಗಿ ರೇಡಿಯೋ ರಿಪೇರಿ ಮಾಡಬೇಕು. ನಿನಗೂ ಆಪರೇಟರ್ ನೌಕರಿ ಬ್ಯಾಡೇನು? ಊರಿಗೆ ಹೋಗಿ ಕೆರವು ಹೊಲೀತೀ ಏನು?"

ಹೊಲಿದರೆ ಏನಾಯಿತು, ಅಪ್ಪ ಹೊಲಿದ ಕೆರವು ಹತ್ತು ವರ್ಷ ತಾಳುತ್ತವೆ, ಈ ನಿಮ್ಮ ಜಾಲ ಹತ್ತು ನಿಮಿಷ ತಾಳುವುದಿಲ್ಲ ಎಂಬ ಮಾತು ಹುಸೇನಪ್ಪನ ಗಂಟಲವರೆಗೆ ಬಂತು. ಆದರೆ ಅದು ಕೆರವಿನ ಬಗ್ಗೆ ಅವನಿಗಿದ್ದ ನಾಚಿಕೆಯನ್ನು ದಾಟಿ ಬರಲಾರದೆ ಹಿಂದಕ್ಕಿಳಿಯಿತು. ನೌಕರಿ ಬೇಕಿತ್ತು. ಬಿಳಿ ಅಂಗಿ, ತಣ್ಣಗಿನ ಖೋಲಿ, ಹೆಸರಿನ ಹಿಂದಿನ ಕೇರಿಯನ್ನು ಯಾರೂ ಕೇಳದ ಒಂದು ಕುರ್ಚಿ ಬೇಕಿತ್ತು. "ನಿಂದ್ರತೀನ್ರಿ," ಅಂದ.

ದುಂಡಗೆ ನಿಂತರು. ಪರೀಕ್ಷಕರು ಒಂದು ಚೀಟಿಯಲ್ಲಿ ಸುದ್ದಿ ಬರೆದು ಮೊದಲನೆಯವನಿಗೆ ಕೊಟ್ಟರು. ಮಾಸ್ತರರು ಮುಂದೆ ಬಂದು ಗಂಟಲು ಸರಿಪಡಿಸಿಕೊಂಡು, "ಸರ್, ನಮ್ಮ ವಿದ್ಯಾರ್ಥಿಗಳು ಇವತ್ತು ಒಂದು ವಿಶೇಷ ತೋರಿಸ್ತಾರ. ಜಾಲದಾಗ ಒಂದು ನೋಡ್ ಸತ್ತರೂ ಸುದ್ದಿ ಹೆಂಗ ಅದನ್ನ ದಾಟಿಕೊಂಡು ಹೋಗ್ತದ ಅಂತ," ಅಂದರು.

"ಓಹೋ! ಬಹಳ ಅಡ್ವಾನ್ಸ್ಡ್ ಕಣ್ರೀ ಇದು," ಪರೀಕ್ಷಕರು ರಟ್ಟು ನಿಲ್ಲಿಸಿದರು. "ಬೆಂಗಳೂರಿನಲ್ಲೇ ಇನ್ನೂ ಯಾರೂ ಮಾಡಿಲ್ಲ. ಯಾವುದು ಸತ್ತಿರೋದು?"

"ಇವನ್ರಿ." ಮಾಸ್ತರರು ಹೆಸರು ಹೇಳಲಿಲ್ಲ, ಬೆರಳು ಮಾಡಿದರು.

"ಚೆನ್ನಾಗಿ ಸತ್ತಿದ್ದಾನೆ," ಪರೀಕ್ಷಕರು ಮೆಚ್ಚಿಕೊಂಡರು. "ಉಸಿರೂ ಕಾಣಿಸ್ತಿಲ್ಲ."

ಬಿಲ್ಲೆ ಹೊರಟಿತು. ಮುಟ್ಟಿತು, ಮುಟ್ಟಿತು. ಹುಸೇನಪ್ಪ ಎದುರಿನ ಗೋಡೆಯಲ್ಲಿ ಒಂದು ಬಿರುಕು ಹುಡುಕಿ ಅಲ್ಲಿ ಕಣ್ಣು ನೆಟ್ಟ. ಸಾಯುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಕೇರಿಯಲ್ಲಿ ಎಲ್ಲರಿಗೂ ಬರುವ ವಿದ್ಯೆ ಇದು. ಗೌಡರು ಎದುರಾದರೆ ಗೋಡೆಗೆ ಆತು ನಿಂತು ಗೋಡೆಯಾಗಿಬಿಡುವುದು, ಹೋಟೆಲಿನ ಹೊರಗೆ ಕೂತು ಕಲ್ಲಾಗುವುದು. ಅಜ್ಜ ಉನ್ನತ ಶಿಕ್ಷಣ ಪಡೆದಿದ್ದ, ಮುತ್ತಜ್ಜ ಇನ್ನೂ ಉನ್ನತ. ಅಪ್ಪ ತೆರೆದ ಗೇಟಿನ ಹೊರಗೆ ಎಷ್ಟು ಸೊಗಸಾಗಿ ಸತ್ತು ನಿಂತಿದ್ದ! ಅವನಿಗೆ ಯಾರೂ ಮಾರ್ಕ್ಸು ಕೊಟ್ಟಿರಲಿಲ್ಲ. ತಾನಾದರೋ ಅಪ್ಪನನ್ನು ಹೆಸರಿನಿಂದ ಕಿತ್ತು, ಕಿಡಕಿಯಿಂದ ಸರಿದು, ಎರಡು ವರ್ಷ ಓದಿ, ಅಪ್ಪನಿಗೆ ಓದದೇ ಬಂದಿದ್ದರಲ್ಲಿ ಇವತ್ತು ಫಸ್ಟ್ ಕ್ಲಾಸಿನಲ್ಲಿ ಪಾಸಾಗಲಿದ್ದ. ಹೊಟ್ಟೆಯ ಒಳಗಿನಿಂದ ಒಂದು ನಗು ಗುಡುಗಿಕೊಂಡು ಮೇಲೇರತೊಡಗಿತು. ಸತ್ತವನು ನಗಬಾರದು ಎಂದು ಹಲ್ಲು ಕಚ್ಚಿದ. ಎಡಗಡೆ ವಿರೂಪಣ್ಣನ ದನಿ ಕೇಳಿತು: "ಮಾನವಿ, ಗಿರಣಿ ಓಣಿ, ವಿರೂಪಣ್ಣ. ಮುಟ್ಟಿತು." ಆಮೇಲೆ ಆ ಉಂಗುರದ ಕೈ, ಬಿಲ್ಲೆ ಹಿಡಿದುಕೊಂಡು, ಹುಸೇನಪ್ಪನ ಎದೆಯ ಮುಂದೆ, ಎಲ್ಲಿಯೂ ತಾಕದಂತೆ ಸರ್ಕಸ್ಸಿನವನ ಹಾಗೆ ಬಾಗುತ್ತ, ಸೂಗಮ್ಮನ ಕಡೆಗೆ ಚಾಚಿತು. ಎದುರಿನ ಬಿರುಕು ಮರೆಯಾಯಿತು. ಅವನ ಅಂಗಿಯ ಗುಂಡಿಯನ್ನೂ ತಪ್ಪಿಸಲು ಆ ಕೈ ಇನ್ನಷ್ಟು ಬಾಗಿತು. ಅದಕ್ಕೂ ಭಯ! ಒಂದು ಹೆಣವನ್ನು ದಾಟಲು ಇಷ್ಟು ಭಯ!

ಹುಸೇನಪ್ಪ ಅಂಗೈ ಬಿಚ್ಚಿ ಆ ಕೈಯ ಕೆಳಗೆ ಒಡ್ಡಿದ. ಬೊಗಸೆಯಲ್ಲ, ಒಂದೇ ಕೈ.

ವಿರೂಪಣ್ಣ ಬೆಚ್ಚಿ ಕೈ ಎಳೆದುಕೊಂಡ. ಬಿಲ್ಲೆ ಜಾರಿ, ಹುಸೇನಪ್ಪನ ಬೆರಳ ತುದಿ ಸವರಿ, ಹಾಸುಗಲ್ಲಿನ ಮೇಲೆ ಬಿದ್ದು, ಠಣ್ಣೆಂದು ತಿರುಗಿ ತಿರುಗಿ ಇಬ್ಬರ ಪಾದಗಳ ನಡುವೆ ಮಲಗಿತು.

ಯಾರೂ ಮಾತಾಡುವಂತಿರಲಿಲ್ಲ, ಬಿಲ್ಲೆ ಯಾರ ಕೈಯಲ್ಲೂ ಇರಲಿಲ್ಲ. ಮಾಸ್ತರರು ಎರಡು ವರ್ಷ ತಾವೇ ತಿದ್ದಿದ ನಿಯಮಕ್ಕೆ ತಾವೇ ಸಿಕ್ಕಿಬಿದ್ದು, ಬಾಯಿ ತೆರೆದು ಮುಚ್ಚಿ, ಕಣ್ಣಿನಲ್ಲೇ ಹುಸೇನಪ್ಪನಿಗೆ ನೆಲ ತೋರಿಸಿದರು: ಎತ್ತಿಕೊ, ಬೇಟಾ, ಎತ್ತಿಕೊ. ಸೂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಉಳಿದ ಕಂಪ್ಯೂಟರುಗಳೆಲ್ಲ ಅವನನ್ನೇ ನೋಡುತ್ತಿದ್ದವು. ಅವರೆಲ್ಲರ ಪಾಸು ಅವನ ಬೆನ್ನು ಬಗ್ಗುವುದರಲ್ಲಿತ್ತು. ಬಗ್ಗುವುದು ದೊಡ್ಡ ಕೆಲಸವೇನಲ್ಲ, ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಳ್ಳಲು ಹುಟ್ಟಿದ ಬೆನ್ನು ಅದು. ಬಗ್ಗಲು ಅದಾಗಲೇ ಬಿಗಿ ಸಡಿಲಿಸಿಕೊಳ್ಳುತ್ತಿತ್ತು. ಹುಸೇನಪ್ಪ ಅದನ್ನು ಹಿಡಿದು ನಿಲ್ಲಿಸಿದ. ಓಡಿಹೋಗುವ ಎತ್ತಿನ ಮೂಗುದಾರ ಹಿಡಿದಂತೆ, ಮೈಯೆಲ್ಲ ಬೆವರಿ.

ಪರೀಕ್ಷಕರು ಪುಸ್ತಕ ತಿರುವಿದರು. ಹನ್ನೊಂದನೇ ಪಾಠದಲ್ಲಿ ಸತ್ತ ನೋಡು ಕೈ ಚಾಚುವ ಪ್ರಸಂಗವಿರಲಿಲ್ಲ. ಕೊನೆಗೆ ಅವರೇ, "ಏನ್ರೀ ಇದು, ಬಿದ್ದಿದ್ದನ್ನ ಎತ್ತಿಕೊಳ್ಳೋಕೂ ನಿಯಮ ಬೇಕೇನ್ರೀ," ಎಂದು ಗೊಣಗುತ್ತ ಎದ್ದು ಬಂದು ಬಗ್ಗಹೋದರು.

"ನೀವಲ್ರಿ ಸರ," ಎಂದ ಹುಸೇನಪ್ಪ.

ಬಿಲ್ಲೆಯಿಲ್ಲದ ಬಾಯಿಯಿಂದ ಮಾತು ಬಂದದ್ದಕ್ಕೆ ಇಡೀ ಜಾಲ ಬೆಚ್ಚಿತು. ಪರೀಕ್ಷಕರು ಅರ್ಧ ಬಗ್ಗಿದವರು ಹಾಗೆಯೇ ನಿಂತರು.

"ಸತ್ತ ನೋಡ್ ಮಾತಾಡಂಗಿಲ್ಲಲೇ!" ವಿರೂಪಣ್ಣ ಕೂಗಿದ. ಅವನ ಕೈಯಲ್ಲೂ ಬಿಲ್ಲೆ ಇರಲಿಲ್ಲ.

"ದೇವದುರ್ಗ," ಎಂದ ಹುಸೇನಪ್ಪ. ದನಿ ತನ್ನದಲ್ಲವೆಂಬಂತೆ ಗೋಡೆಗೆ ಬಡಿದು ತಿರುಗಿ ಬಂತು. "ಮಾದಿಗರ ಕೇರಿ. ಹುಸೇನಪ್ಪ." ಆಮೇಲೆ ವಿರೂಪಣ್ಣನ ಕಡೆ ಪೂರಾ ತಿರುಗಿದ. ಸಿಟ್ಟಿನಿಂದಲ್ಲ, ಪಾಠ ಒಪ್ಪಿಸುವವನಂತೆ ಬಿಡಿಸಿ ಬಿಡಿಸಿ ಹೇಳಿದ: "ನೀ ಕೆಡವೀದಿ, ನೀ ಎತ್ತು ವಿರೂಪಣ್ಣ. ಎತ್ತಿ ಕೈಯಾಗ ಇಡು. ನನಗ ಮುಟ್ಟಿಲ್ಲ."

ವಿರೂಪಣ್ಣನ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅವನು ನೆಲದ ಬಿಲ್ಲೆಯನ್ನು ನೋಡಿದ, ಮಾಸ್ತರರನ್ನು ನೋಡಿದ, ಬಾಗಿಲನ್ನು ನೋಡಿದ, ಮತ್ತೆ ಬಿಲ್ಲೆಯನ್ನು ನೋಡಿದ. ಮೊಣಕಾಲು ಅರೆಗಳಿಗೆ ಬಗ್ಗಿದಂತಾಗಿ ಮತ್ತೆ ಸೆಟೆಯಿತು. ಪರೀಕ್ಷಕರು ಬಸ್ಸಿನ ಹೊತ್ತಾಯಿತೆಂದು ಗಡಿಯಾರ ತಟ್ಟಿದರು. ಹುಸೇನಪ್ಪ ಅಂಗೈಯನ್ನು ಅಲ್ಲಿಯೇ, ಎದೆಯ ಎತ್ತರಕ್ಕೆ, ಬಿಚ್ಚಿ ಹಿಡಿದಿದ್ದ. ತೋಳು ನೋಯತೊಡಗಿತು. ಇಳಿಸಲಿಲ್ಲ.